ಸುಮ್ನೆ ಕೂತಿದ್ದರೂ ಮಗ "ಅಮ್ಮಾ, ಕೋಪಾನಾ?" ಅಂತ ಕೇಳುತ್ತಾನೆ. ಅವನ ಮುಂದೆ ಯಾವಾಗಲೂ ನಗುತ್ತಾ ಇರಬೇಕಾ?

ಬೇಡ. ನಗು ಬರದಿದ್ದಾಗ ನಗಬೇಡಿ. ಆದರೆ ಅವನು ಕೇಳಿದ್ದನ್ನು ತಳ್ಳಿಹಾಕಲೂ ಬೇಡಿ, ನಾನು ಆ ತಪ್ಪು ಮಾಡಿದ್ದೇನೆ.

ನನ್ನ ಮಗಳಿಗೆ ಆಗ ನಾಲ್ಕು ವರ್ಷ. ಒಂದು ರಾತ್ರಿ ಮೊಬೈಲಿನಲ್ಲಿ ಆಫೀಸಿನ ಮೇಲ್ ಓದುತ್ತಾ ಕೂತಿದ್ದೆ, ಹುಬ್ಬು ಗಂಟಿಕ್ಕಿದ್ದು ನನಗೇ ಗೊತ್ತಿರಲಿಲ್ಲ. ಅವಳು ಹತ್ತಿರ ಬಂದು, ನನ್ನ ಎರಡು ಹುಬ್ಬಿನ ನಡುವೆ ಹೆಬ್ಬೆರಳಿಟ್ಟು ಮೆಲ್ಲಗೆ ಉಜ್ಜಿದಳು, ಸ್ಲೇಟಿನ ಮೇಲಿನ ಗೆರೆ ಅಳಿಸುವ ಹಾಗೆ. "ಏನೂ ಇಲ್ಲ, ಹೋಗಿ ಆಟ ಆಡು" ಅಂದೆ. ಹೋದಳು. ಸ್ವಲ್ಪ ಹೊತ್ತಿಗೆ ವಾಪಸ್ ಬಂದು "ಆಟದ ಸಾಮಾನೆಲ್ಲ ಎತ್ತಿಟ್ಟೆ ಅಮ್ಮಾ" ಅಂದಳು. ಎತ್ತಿಡು ಅಂತ ಯಾರೂ ಹೇಳಿರಲಿಲ್ಲ. ನನ್ನ ಮುಖ ಹಾಗಾಗಿದ್ದಕ್ಕೆ ತಾನೇ ಕಾರಣ ಅಂದುಕೊಂಡಿದ್ದಳು ಪಾಪ.

ಮಕ್ಕಳು ಮಾತು ಕಲಿಯುವ ಮೊದಲೇ ನಮ್ಮ ಮುಖ ಓದುತ್ತಾರೆ. 1985ರಲ್ಲಿ ಪ್ರಕಟವಾದ ಒಂದು ಪ್ರಯೋಗ ಇದೆ. ಗಾಜಿನ ಮೇಜು, ಅರ್ಧದಿಂದಾಚೆ ಕೆಳಗೆ ತಗ್ಗು ಇದ್ದ ಹಾಗೆ ಕಾಣುತ್ತದೆ. ಒಂದು ವರ್ಷದ ಮಕ್ಕಳನ್ನು ಈಚೆ ಬಿಟ್ಟು, ಆಚೆ ತುದಿಯಲ್ಲಿ ಅವರ ಅಮ್ಮಂದಿರನ್ನು ನಿಲ್ಲಿಸಿದರು. ಅಮ್ಮ ನಗುಮುಖ ಮಾಡಿದಾಗ 19 ಮಕ್ಕಳಲ್ಲಿ 14 ಮಕ್ಕಳು ದಾಟಿದರು, ಹೆದರಿದ ಮುಖ ಮಾಡಿದಾಗ 17ರಲ್ಲಿ ಒಂದು ಮಗುವೂ ದಾಟಲಿಲ್ಲ. ಬರೀ ಮುಖ ನೋಡಿ!

ಮುಖದಲ್ಲಿ ಏನೂ ಇಲ್ಲದಿದ್ದರೂ ಕಷ್ಟವೇ. ಎಡ್ವರ್ಡ್ ಟ್ರಾನಿಕ್ ಅನ್ನುವ ಮನಶ್ಶಾಸ್ತ್ರಜ್ಞರು 1970ರ ದಶಕದಲ್ಲಿ, ಮಗುವಿನ ಜೊತೆ ಆಡುತ್ತಿದ್ದ ಅಮ್ಮಂದಿರಿಗೆ ಕೆಲವು ನಿಮಿಷ ಮುಖದಲ್ಲಿ ಯಾವ ಭಾವನೆಯೂ ತೋರಿಸದೆ ಕೂರಲು ಹೇಳಿದರು. ಮಗು ಮೊದಲು ನಗುತ್ತದೆ, ಅಮ್ಮನನ್ನು ಕರೆಯಲು ನೋಡುತ್ತದೆ, ಏನು ಮಾಡಿದರೂ ಆಗದಿದ್ದಾಗ ಮುಖ ತಿರುಗಿಸಿಬಿಡುತ್ತದೆ. ಮೊಬೈಲ್ ನೋಡುವಾಗ ನಮ್ಮ ಮುಖವೂ ಹೆಚ್ಚು ಕಮ್ಮಿ ಹಾಗೇ ಇರುತ್ತದೆ ಅಲ್ವಾ?

ನಿಮ್ಮ ಮಗನಿಗೆ ಮುಖ ಕಾಣುತ್ತದೆ, ಕಾರಣ ಕಾಣುವುದಿಲ್ಲ. ಅದನ್ನು ನೀವೇ ಹೇಳಿಬಿಡಿ. "ಹೌದು ಕಣೋ, ಮುಖ ಗಂಟಾಗಿದೆ. ಕೆಲಸ ಜಾಸ್ತಿ ಆಗಿ ಸುಸ್ತಾಗಿದೆ, ನಿನ್ನ ಮೇಲೆ ಕೋಪ ಇಲ್ಲ." ಇಷ್ಟು ಸಾಕು. ಆದರೆ ಹೇಳುವಾಗ ಅವನ ಮುಖ ನೋಡಿ ಹೇಳಿ, ಮೊಬೈಲ್ ನೋಡುತ್ತಾ ಅಲ್ಲ.

ನನ್ನ ಮಗಳು ಈಗ ನೇರವಾಗಿ "ಇದು ಆಫೀಸಿನ ಕೋಪಾನಾ, ನನ್ನ ಮೇಲಾ?" ಅಂತ ಕೇಳುತ್ತಾಳೆ. ಕೆಲವೊಮ್ಮೆ ಅವಳ ಮೇಲೇ ಇರುತ್ತದೆ. ಆಗ ಅದನ್ನೂ ಹೇಳುತ್ತೇನೆ, ಯಾಕೆ ಅಂತಲೂ ಹೇಳುತ್ತೇನೆ.