ಪೋಸ್ಟ್ ಆಫೀಸಿನ ಅಮ್ಮ ಕೊಡಲಿ ಎತ್ತಿದಾಗ

ಓದುಗರ ಪತ್ರ: "ಯುದ್ಧದ ಸಿನಿಮಾಗಳ ಬಗ್ಗೆ ಬರೆಯುವಾಗ ನೀವು 1942ರ ಬ್ರಿಟಿಷ್ ಚಿತ್ರ 'ವೆಂಟ್ ದ ಡೇ ವೆಲ್?' ಅನ್ನು ತುಂಬಾ ಹೊಗಳಿದ್ದೀರಿ. ಹುಡುಕಿ ನೋಡಿದೆ. ಇದು ಬರೀ ಪ್ರಚಾರದ ಸಿನಿಮಾ ಅಲ್ವಾ? ಜರ್ಮನ್ನರೆಲ್ಲ ರಾಕ್ಷಸರು, ಹಳ್ಳಿಯವರೆಲ್ಲ ವೀರರು. ಆಗದೇ ಇದ್ದ ದಾಳಿಯನ್ನು ಆದಂತೆ ತೋರಿಸಿದ್ದಾರೆ. ವಯಸ್ಸಾದ ಹೆಂಗಸಿನ ಕೈಲಿ ಕೊಡಲಿ ಕೊಟ್ಟು ಕೊಲೆ ಮಾಡಿಸಿದ್ದಾರೆ. ಇದನ್ನು ಮಕ್ಕಳಿಗೆ ತೋರಿಸಬಹುದಾ?" — ಹೈಸ್ಕೂಲ್ ಶಿಕ್ಷಕಿ, ಹಾಸನ ಜಿಲ್ಲೆ

ಸಂಪಾದಕರ ಉತ್ತರ:

ಮೇಡಂ, ಸಿನಿಮಾ ನೋಡಿ ಆಮೇಲೆ ಜಗಳಕ್ಕೆ ಬಂದಿದ್ದೀರಿ. ನನಗೆ ನಿಜಕ್ಕೂ ಸಂತೋಷವಾಯಿತು.

ಪ್ರಚಾರದ ಚಿತ್ರ ಹೌದು. ಎರಡನೇ ಮಹಾಯುದ್ಧದ ನಡುವೆ ಬ್ರಿಟನ್ನಿನ ಈಲಿಂಗ್ ಸ್ಟುಡಿಯೋ ಜನರನ್ನು ಎಚ್ಚರಿಸುವುದಕ್ಕಾಗಿಯೇ ತೆಗೆದದ್ದು. ಆದರೆ 1940ರಲ್ಲಿ ಆ ದೇಶದ ಹಳ್ಳಿಗರಿಗೆ ಇಂಥ ದಾಳಿ ಕಟ್ಟುಕತೆ ಅನಿಸುತ್ತಿರಲಿಲ್ಲ. ಮೇ ತಿಂಗಳಲ್ಲಿ ಜರ್ಮನ್ ಸೈನಿಕರು ಹಾಲೆಂಡಿನಲ್ಲಿ ಪ್ಯಾರಾಚೂಟಿನಿಂದ ಇಳಿದಿದ್ದರು. ಜೂನ್‌ನಲ್ಲಿ ಫ್ರಾನ್ಸ್ ಬಿತ್ತು. ಬ್ರಿಟನ್ನಿನಲ್ಲಿ ರಸ್ತೆ ಬದಿಯ ಊರಿನ ಬೋರ್ಡುಗಳನ್ನು ಕಿತ್ತುಹಾಕಿದರು. ಶತ್ರು ಬಂದಿಳಿದರೆ ಮಾತ್ರ ಚರ್ಚಿನ ಗಂಟೆ ಬಾರಿಸಬೇಕು ಎಂದು ಕಟ್ಟಪ್ಪಣೆ ಆಯಿತು. ಬ್ರಿಟಿಷ್ ರಾಜಪ್ರಭುತ್ವದ ಅಧೀನದಲ್ಲಿರುವ ಜರ್ಸಿ, ಗರ್ನ್ಸಿ ದ್ವೀಪಗಳಿಗೆ ಜರ್ಮನ್ನರು ನಿಜವಾಗಿಯೂ ಬಂದರು. 1945ರ ಮೇ ತನಕ ಅಲ್ಲೇ ಇದ್ದರು.

ಚಿತ್ರ ತೆರೆಗೆ ಬರುವಷ್ಟರಲ್ಲಿ ಆ ಭಯ ಇಳಿದಿತ್ತು. 1940ರ ಸೆಪ್ಟೆಂಬರಿನಲ್ಲೇ ಹಿಟ್ಲರ್ ಇಂಗ್ಲೆಂಡಿನ ಮೇಲಿನ ದಾಳಿಯನ್ನು ಮುಂದೂಡಿದ್ದ. ಹಾಗಿದ್ದರೂ ಈ ಚಿತ್ರ ಯಾಕೆ ಬೇಕಿತ್ತು? ಇದು ಬೈಯುವುದು ಜರ್ಮನ್ನರನ್ನು ಮಾತ್ರ ಅಲ್ಲ ಎಂದು ನನಗನಿಸುತ್ತದೆ. ನೆಮ್ಮದಿಯಾಗಿ ಕೂತ ತನ್ನದೇ ಜನರನ್ನು ಅದಕ್ಕಿಂತ ಜಾಸ್ತಿ ಬೈಯುತ್ತದೆ.

ಬ್ರಾಂಲಿ ಎಂಡ್ ಎಂಬ ಹಳ್ಳಿಗೆ ಬ್ರಿಟಿಷ್ ಸೈನಿಕರ ವೇಷದಲ್ಲಿ ಜರ್ಮನ್ನರು ಬರುತ್ತಾರೆ. ಹಳ್ಳಿಯವರು ಮನೆಗೆ ಕರೆದು, ಟೀ ಕೊಟ್ಟು, ಉಳಿದುಕೊಳ್ಳಲು ಜಾಗ ಕೊಡುತ್ತಾರೆ. ಸುಳಿವುಗಳು ಕಣ್ಣೆದುರಿಗೇ ಇವೆ. ಒಬ್ಬ ಯುರೋಪಿನವರ ಥರ 7ಕ್ಕೆ ನಡುವೆ ಅಡ್ಡಗೆರೆ ಎಳೆಯುತ್ತಾನೆ. ಇನ್ನೊಬ್ಬನ ಬಳಿ ವಿಯೆನ್ನಾದ ಚಾಕೊಲೇಟು. ಪಾದ್ರಿಯ ಮಗಳು ನೋರಾಗೆ ಅನುಮಾನ ಬರುತ್ತದೆ. ಅದನ್ನು ಅವಳು ಯಾರಿಗೆ ಹೇಳುತ್ತಾಳೆ? ಊರಿನ ಗಣ್ಯ ವಿಲ್ಸ್‌ಫರ್ಡ್‌ಗೆ. ಎಲ್ಲರೂ ಗೌರವ ಕೊಡುವ, ಅವಳೂ ಮೆಚ್ಚಿದ ಮನುಷ್ಯ. ಅವನೇ ದ್ರೋಹಿ. ದೊಡ್ಡ ಮನೆಯವರು, ಓದಿದವರು, ಸಭ್ಯರು ಅಂದಕೂಡಲೇ ನಂಬಿಬಿಡುತ್ತೇವಲ್ಲ, ಆ ನಂಬಿಕೆಗೇ ಚಿತ್ರ ಕೈ ಹಾಕುತ್ತದೆ. ಯುದ್ಧ ನಡೆಯುತ್ತಿರುವಾಗಲೇ ತನ್ನ ದೇಶದ ಮೇಲ್ವರ್ಗದವನನ್ನು ಹೀಗೆ ತೋರಿಸುವುದಕ್ಕೆ ಎದೆಗಾರಿಕೆ ಬೇಕು. ನಿರ್ದೇಶಕ ಆಲ್ಬರ್ಟೊ ಕವಲ್ಕಾಂಟಿ ಬ್ರೆಜಿಲ್‌ನಲ್ಲಿ ಹುಟ್ಟಿದವರು. ಆ ಊರಿನ ಮರ್ಯಾದೆ, ಮುಲಾಜುಗಳನ್ನು ಅಷ್ಟು ಸ್ಪಷ್ಟವಾಗಿ ಕಾಣಲು ಹೊರಗಿನವರ ಕಣ್ಣು ನೆರವಾಗಿರಬೇಕು.

ಹೊರಗೆ ಸುದ್ದಿ ಕಳಿಸುವ ಪ್ರಯತ್ನಗಳನ್ನೂ ನೆನಪಿಸಿಕೊಳ್ಳಿ. ಮೊಟ್ಟೆಯ ಮೇಲೆ ಬರೆದು ಕಳಿಸುತ್ತಾರೆ, ಹುಡುಗನ ಸೈಕಲ್ಲಿಗೆ ಕಾರು ಗುದ್ದಿ ಮೊಟ್ಟೆ ಒಡೆಯುತ್ತದೆ. ಚೀಟಿ ಬರೆದು ನೆಂಟರ ಜೇಬಿಗೆ ಹಾಕುತ್ತಾರೆ, ಆಕೆ ಓದದೆಯೇ ಕಾರಿನ ಕಿಟಕಿ ಸಂದಿಗೆ ಸಿಕ್ಕಿಸುತ್ತಾಳೆ. ಪಾದ್ರಿ ಗಂಟೆ ಬಾರಿಸಿ ಗುಂಡಿಗೆ ಬಲಿಯಾಗುತ್ತಾರೆ. ಊರ ಹೊರಗಿದ್ದ ಹೋಂ ಗಾರ್ಡ್‌ನವರು, ಅಂದರೆ ಊರು ಕಾಯುವ ಸ್ವಯಂಸೇವಕ ಸೈನಿಕರು, ಆ ಸದ್ದನ್ನು ಮನಸ್ಸಿಗೆ ಹಾಕಿಕೊಳ್ಳುವುದೇ ಇಲ್ಲ. ದಾರಿಯಲ್ಲೇ ಹೊಂಚುದಾಳಿಗೆ ಸಿಕ್ಕಿ ಸಾಯುತ್ತಾರೆ. ಹಳ್ಳಿಯವರೆಲ್ಲ ವೀರರು ಅಂದಿರಲ್ಲ, ನನಗೆ ಕಂಡದ್ದು ವೀರರಿಗಿಂತ ಮೈಮರೆತವರೇ ಜಾಸ್ತಿ.

ಇನ್ನು ಕೊಡಲಿಯ ವಿಷಯ. ಮಿಸೆಸ್ ಕಾಲಿನ್ಸ್ ಅಂಚೆ ಕಚೇರಿ ನಡೆಸುವ ಹೆಂಗಸು. ತನ್ನ ಮನೆಯಲ್ಲಿ ಕಾವಲಿದ್ದ ಜರ್ಮನ್ ಸೈನಿಕನಿಗೆ ಊಟ ಬಡಿಸುತ್ತಾಳೆ. ಮಾತಾಡುತ್ತಲೇ ಮೆಣಸಿನ ಪುಡಿಯನ್ನು ಅವನ ಕಣ್ಣಿಗೆ ಎರಚಿ, ಕೊಡಲಿ ಎತ್ತುತ್ತಾಳೆ. ನನ್ನ ಮಟ್ಟಿಗೆ ಇಡೀ ಚಿತ್ರ ನಿಂತಿರುವುದು ಇದರ ನಂತರದ ಕ್ಷಣಗಳ ಮೇಲೆ. ಅವಳ ಮುಖದಲ್ಲಿ ಗೆದ್ದ ಖುಷಿ ಇಲ್ಲ. ಅಳು ಬರುತ್ತದೆ. ತಾನು ಮಾಡಿದ್ದು ಏನೆಂದು ಅವಳಿಗೇ ನಂಬಲಾಗುವುದಿಲ್ಲ. ಓಡಿಹೋಗಿ ಪಕ್ಕದ ಊರಿನ ಟೆಲಿಫೋನ್ ಎಕ್ಸ್‌ಚೇಂಜಿಗೆ ಕರೆ ಮಾಡುತ್ತಾಳೆ. ಅಲ್ಲಿನ ಹುಡುಗಿ ಹರಟೆಯಲ್ಲಿ ಮುಳುಗಿದ್ದಾಳೆ, ಕಾಯಲಿ ಬಿಡು ಎಂದು ಸುಮ್ನೆ ಬಿಡುತ್ತಾಳೆ. ಅಷ್ಟರಲ್ಲಿ ಇನ್ನೊಬ್ಬ ಸೈನಿಕ ಬಂದು ಕಾಲಿನ್ಸ್‌ಳನ್ನು ಬಂದೂಕಿನ ಈಟಿಯಿಂದ ಇರಿಯುತ್ತಾನೆ. ಬರೀ ಪ್ರಚಾರ ಮಾಡುವವರು ಆಕೆಯ ಕರೆಯನ್ನು ತಲುಪಿಸಿಬಿಡುತ್ತಿದ್ದರು ಅಲ್ವಾ?

ಒಂದು ಮಾತಿನಲ್ಲಿ ಮಾತ್ರ ನಿಮ್ಮ ಪಕ್ಷ ನನ್ನದು. ಜರ್ಮನ್ನರನ್ನು ಮನುಷ್ಯರಾಗಿ ನೋಡುವ ಆಸೆ ಈ ಚಿತ್ರಕ್ಕಿಲ್ಲ. ಇದಕ್ಕೆ ಮೂಲ ಇಂಗ್ಲಿಷ್ ಲೇಖಕ ಗ್ರಹಾಂ ಗ್ರೀನ್ 1940ರಲ್ಲಿ ಬರೆದ ಒಂದು ಸಣ್ಣಕಥೆ. ಅದರಲ್ಲಿ ಕದ್ದು ಬೇಟೆಯಾಡುವ ಮುದುಕನೊಬ್ಬ ಒಂಟಿಯಾಗಿ ಜರ್ಮನ್ನರನ್ನು ಎದುರಿಸುತ್ತಾನೆ. ಸತ್ತ ಅಧಿಕಾರಿಯ ಬಳಿ ಅವನಿಗೆ ಒಂದು ಪುಟ್ಟ ಮಗುವಿನ ಫೋಟೋ ಸಿಗುತ್ತದೆ. ಅದು ಅವನನ್ನು ಕಾಡುತ್ತದೆ. ಸಿನಿಮಾದವರು ಒಬ್ಬನ ಹೋರಾಟವನ್ನು ಇಡೀ ಊರಿನ ಹೋರಾಟ ಮಾಡಿದರು, ಅದು ಒಳ್ಳೆಯದೇ. ಆ ಫೋಟೋ ಬಿಟ್ಟದ್ದು ಮಾತ್ರ ದೊಡ್ಡ ನಷ್ಟ.

ಮಕ್ಕಳಿಗೆ ತೋರಿಸಬಹುದಾ ಎಂದು ಕೇಳಿದ್ದೀರಿ. ಎಂಟನೇ ಕ್ಲಾಸಿನವರಿಗೆ ಬೇಡ. ಹತ್ತನೆಯವರಿಗೆ ಖಂಡಿತ ತೋರಿಸಿ. ಮೊದಲು 1940ರ ಕಥೆ ಹೇಳಿ, ಇಲ್ಲದಿದ್ದರೆ ಗಂಟೆಯ ದೃಶ್ಯ ಅರ್ಥವಾಗುವುದಿಲ್ಲ. ಕೊಡಲಿಯ ದೃಶ್ಯ ಮುಗಿದಾಗ ನಿಲ್ಲಿಸಿ, ಆ ಅಮ್ಮ ಯಾಕೆ ಅತ್ತಳು ಎಂದು ಕೇಳಿ. ಆಮೇಲೆ ಗ್ರೀನ್ ಕಥೆಯ ಆ ಮಗುವಿನ ಫೋಟೋ ಬಗ್ಗೆಯೂ ಹೇಳಿ. ಮಕ್ಕಳು ಏನು ಹೇಳಿದರು ಎಂದು ನಮಗೆ ಬರೆದು ಕಳಿಸಿದರೆ ಮುಂದಿನ ಸಂಚಿಕೆಯಲ್ಲಿ ಜಾಗ ಇಟ್ಟಿರುತ್ತೇವೆ.