ಚಾರ್ ಸಿಯು ಯಾಕೆ ಒಣಗುತ್ತದೆ, ಯಾಕೆ ಸೀಯುತ್ತದೆ? ಓದುಗರ ಪ್ರಶ್ನೆಗೆ ಉತ್ತರ

ಪ್ರಶ್ನೆ: ಹಾಂಗ್‌ಕಾಂಗ್‌ನಲ್ಲಿ ತಿಂದ ಚಾರ್ ಸಿಯು (ಸಿಹಿ ಮಸಾಲೆ ಹಚ್ಚಿ ಸುಟ್ಟ ಹಂದಿ ಮಾಂಸ) ರುಚಿ ಮರೆಯಲಾಗದೆ ಮನೆಯಲ್ಲಿ ಎರಡು ಸಲ ಮಾಡಿದೆ. ಮಸಾಲೆ ಹಚ್ಚಿ ಒಂದು ರಾತ್ರಿ ಇಟ್ಟೆ. ಓವನ್‌ನಲ್ಲಿ 200 ಡಿಗ್ರಿಗೆ 40 ನಿಮಿಷ ಬೇಯಿಸಿದೆ. ಮೇಲೆ ರುಚಿ ಚೆನ್ನಾಗಿತ್ತು, ಒಳಗೆ ಮಾತ್ರ ಒಣ ಒಣ. ಕೊಬ್ಬಿಲ್ಲದ ಒಳ್ಳೆ ಮಾಂಸವನ್ನೇ ಕೇಳಿ ತಂದಿದ್ದೆ. ಎಲ್ಲಿ ತಪ್ಪಾಯಿತು? (ಬೆಂಗಳೂರು)

ಉತ್ತರ: ನಿಮ್ಮ ಪತ್ರದಲ್ಲೇ ಉತ್ತರ ಇದೆ. ಕೊಬ್ಬಿಲ್ಲದ ಮಾಂಸ ತಂದದ್ದೇ ತಪ್ಪಾಗಿದ್ದು. ಮಸಾಲೆಯೂ ಅಲ್ಲ, ಓವನ್ನೂ ಅಲ್ಲ.

ನೀವು ಹಾಂಗ್‌ಕಾಂಗ್‌ನಲ್ಲಿ ನೋಡಿರುತ್ತೀರಿ. ಸುಟ್ಟ ಮಾಂಸದ ಅಂಗಡಿಗೆ ಅಲ್ಲಿ ‘ಸಿಯು ಮೇ’ ಅಂಗಡಿ ಅನ್ನುತ್ತಾರೆ. ಗಾಜಿನ ಹಿಂದೆ ಬಾತುಕೋಳಿ, ಕೋಳಿ, ಹಂದಿ ಮಾಂಸದ ಉದ್ದನೆಯ ಪಟ್ಟಿಗಳು ಕೊಕ್ಕೆಗೆ ನೇತಾಡುತ್ತಿರುತ್ತವೆ. ಪಟ್ಟಿಯ ತುದಿಯಲ್ಲಿ ಒಂದು ಹನಿ ಪಾಕ ದಪ್ಪಗಾಗಿ, ಬೀಳಲೋ ಬೇಡವೋ ಅನ್ನುವ ಹಾಗೆ ನಿಂತಿರುತ್ತದೆ. ಕತ್ತರಿಸುವವರು ಒಂದು ಪಟ್ಟಿ ಕೆಳಗಿಳಿಸಿ, ದುಂಡನೆಯ ಮರದ ಕೊರಡಿನ ಮೇಲೆ ಇಟ್ಟು, ಅಗಲವಾದ ಮಚ್ಚಿನಿಂದ ಟಕ ಟಕ ಅಂತ ಹೋಳು ಮಾಡುತ್ತಾರೆ. ಅದಕ್ಕೂ ಮೊದಲು ಗಿರಾಕಿ ಹೇಳುವ ಮಾತು ‘ಬೂನ್ ಫೇ ಸೌ’. ಅಂದರೆ ಅರ್ಧ ಕೊಬ್ಬು, ಅರ್ಧ ಮಾಂಸ. ತಿನ್ನಲು ಗೊತ್ತಿರುವವರು ಕೊಬ್ಬನ್ನು ಕೇಳಿ ಹಾಕಿಸಿಕೊಳ್ಳುತ್ತಾರೆ.

ಬೆನ್ನಿನ ಮಾಂಸದಂಥ ಕೊಬ್ಬಿಲ್ಲದ ಮಾಂಸದಲ್ಲಿ ಕೊಬ್ಬಿನ ಎಳೆಗಳು ಇರುವುದೇ ಕಡಿಮೆ. ಸ್ವಲ್ಪ ಜಾಸ್ತಿ ಬೆಂದರೆ ನೀರೆಲ್ಲ ಹಿಂಡಿ ಹೋಗುತ್ತದೆ. ಭುಜದ ಮಾಂಸ ಹಾಗಲ್ಲ. ಅದರಲ್ಲಿ ಕೊಬ್ಬು ಒಳಗೊಳಗೇ ಗೆರೆ ಗೆರೆಯಾಗಿ ಹರಡಿಕೊಂಡಿರುತ್ತದೆ. ಬೇಯುವಾಗ ಕರಗಿ ಮಾಂಸವನ್ನು ಒದ್ದೆಯಾಗಿಡುತ್ತದೆ. ಹತ್ತು ನಿಮಿಷ ಹೆಚ್ಚು ಕಡಿಮೆಯಾದರೂ ಕ್ಷಮಿಸುತ್ತದೆ. ದಕ್ಷಿಣ ಚೀನಾದ ಕ್ಯಾಂಟನ್ ಅಡುಗೆಯವರು ಆರಿಸುವುದು ಭುಜದ ಮೇಲ್ಭಾಗ, ಕುತ್ತಿಗೆಗೆ ಹತ್ತಿರದ್ದು. ‘ಮುಯ್ ತೌ’ ಅನ್ನುತ್ತಾರೆ.

ನಮ್ಮ ಅಂಗಡಿಗಳಲ್ಲಿ ಕೇಳದೆ ನಿಂತರೆ ಸಾರಿಗೆ ಹಾಕುವ ಹಾಗೆ ಎಲುಬು ಸಮೇತ ಚಿಕ್ಕ ಚಿಕ್ಕ ತುಂಡು ಮಾಡಿ ಕೊಡುತ್ತಾರೆ. ಕತ್ತಿ ಎತ್ತುವ ಮೊದಲೇ ಹೇಳಿಬಿಡಿ: ಭುಜದ ಮಾಂಸ, ಎಲುಬು ಬೇಡ, ಚರ್ಮ ಬೇಡ, ಇಡೀ ತುಂಡು ಬೇಕು. ಮನೆಗೆ ತಂದು ನೀವೇ ಪಟ್ಟಿ ಮಾಡಿಕೊಳ್ಳಿ. ಒಂದು ಗೇಣು ಉದ್ದ, 4ರಿಂದ 5 ಸೆಂಟಿಮೀಟರ್ ದಪ್ಪ. ಇದಕ್ಕಿಂತ ತೆಳ್ಳಗಾದರೆ ಮೇಲೆ ಬಣ್ಣ ಬರುವ ಮೊದಲೇ ಒಳಗೆ ಒಣಗಿರುತ್ತದೆ.

ಇನ್ನು 40 ನಿಮಿಷ ಅನ್ನುವ ಲೆಕ್ಕ. ಅದು ಅಂದಾಜು ಮಾತ್ರ. ಒಂದೊಂದು ಓವನ್ನಿನ ಸ್ವಭಾವ ಒಂದೊಂದು ಥರ. ಮಾಂಸದೊಳಗೆ ಚುಚ್ಚಿ ನೋಡುವ ಥರ್ಮಾಮೀಟರ್ ಒಂದನ್ನು ದಯವಿಟ್ಟು ಕೊಳ್ಳಿ. ಒಳಗೆ 75 ಡಿಗ್ರಿ ತೋರಿಸಿದಾಗ ಹೊರಗೆ ತೆಗೆದು, ಹತ್ತು ನಿಮಿಷ ಸುಮ್ನೆ ಬಿಡಿ. ಬಿಸಿ ಬಿಸಿ ಇರುವಾಗಲೇ ಕತ್ತರಿಸಿದರೆ ರಸವೆಲ್ಲ ಹಲಗೆಯ ಮೇಲೆ ಹರಿದುಹೋಗುತ್ತದೆ.

ಪ್ರಶ್ನೆ: ಅಳತೆ ಸಮೇತ ಮಸಾಲೆ ಹೇಳಿ. ಎಷ್ಟು ಹೊತ್ತು ನೆನೆಸಬೇಕು? (ಮೈಸೂರು)

ಉತ್ತರ: ಒಂದು ಕಿಲೋ ಮಾಂಸಕ್ಕೆ ನಾನು ಹಾಕುವುದು ಇಷ್ಟು. ಸಕ್ಕರೆ 4 ದೊಡ್ಡ ಚಮಚ, ಹೊಯ್ಸಿನ್ ಸಾಸ್ 2 ದೊಡ್ಡ ಚಮಚ, ತಿಳಿ ಸೋಯಾ ಸಾಸ್ 2 ದೊಡ್ಡ ಚಮಚ, ಕಪ್ಪು ಸೋಯಾ ಸಾಸ್ 1 ಚಿಕ್ಕ ಚಮಚ, ಆಯ್ಸ್ಟರ್ ಸಾಸ್ 1 ದೊಡ್ಡ ಚಮಚ, ಶಾವೋಶಿಂಗ್ ಅಕ್ಕಿ ವೈನ್ 1 ದೊಡ್ಡ ಚಮಚ, ಹುದುಗಿಸಿದ ಕೆಂಪು ತೋಫು ಒಂದು ತುಂಡು ಮತ್ತು ಅದರ ರಸ ಒಂದು ಚಮಚ, ಜಜ್ಜಿದ ಬೆಳ್ಳುಳ್ಳಿ ನಾಲ್ಕು ಎಸಳು, ಪಂಚಮಸಾಲೆ ಪುಡಿ ಅರ್ಧ ಚಿಕ್ಕ ಚಮಚ, ಬಿಳಿ ಮೆಣಸಿನ ಪುಡಿ ಒಂದು ಚಿಟಿಕೆ. ಉಪ್ಪು ಅರ್ಧ ಚಿಕ್ಕ ಚಮಚ ಸಾಕು, ಸಾಸ್‌ಗಳಲ್ಲೇ ಬೇಕಾದಷ್ಟಿದೆ.

ಹೊಯ್ಸಿನ್ ಅನ್ನುವ ಹೆಸರಿಗೆ ಸಮುದ್ರದ ಆಹಾರ ಅಂತ ಅರ್ಥ. ಆದರೆ ಅದರಲ್ಲಿ ಮೀನೂ ಇಲ್ಲ, ಸೀಗಡಿಯೂ ಇಲ್ಲ. ಹುದುಗಿಸಿದ ಸೋಯಾ ಕಾಳು, ಸಕ್ಕರೆ, ಬೆಳ್ಳುಳ್ಳಿ, ಮಸಾಲೆ, ಅಷ್ಟೇ.

ಪಂಚಮಸಾಲೆ ಕೊಳ್ಳುವ ಅಗತ್ಯವೇ ಇಲ್ಲ. ಚಕ್ರಮೊಗ್ಗು, ಚಕ್ಕೆ, ಲವಂಗ, ಸೋಂಪು ನಿಮ್ಮ ಡಬ್ಬಿಯಲ್ಲೇ ಇರುತ್ತವೆ. ಐದನೆಯದು ಸಿಚುವಾನ್ ಮೆಣಸು. ಅದರ ಹತ್ತಿರದ ನೆಂಟ ನಮ್ಮ ಪಶ್ಚಿಮ ಘಟ್ಟದಲ್ಲೇ ಬೆಳೆಯುತ್ತದೆ: ಜುಮ್ಮನಕಾಯಿ. ಕರಾವಳಿಯ ಕೊಂಕಣಿ ಮನೆಗಳಲ್ಲಿ ಮೀನಿನ ಅಡುಗೆಗೆ ಹಾಕುವ ತಿರ್ಫಳ ಅಂದರೆ ಅದೇ. ಪರಿಮಳ ಪೂರ್ತಿ ಒಂದೇ ಅಲ್ಲ, ಆದರೆ ನಾಲಿಗೆ ಜುಮ್ಮೆನ್ನಿಸುವ ಗುಣ ಎರಡಕ್ಕೂ ಇದೆ. ಒಳಗಿನ ಕಪ್ಪು ಬೀಜ ತೆಗೆದು, ಸಿಪ್ಪೆಯನ್ನಷ್ಟೇ ಬೆಚ್ಚಗೆ ಮಾಡಿ ಪುಡಿ ಮಾಡಿ. ಎಲ್ಲ ಸೇರಿ ಅರ್ಧ ಚಿಕ್ಕ ಚಮಚ ದಾಟಬಾರದು. ನಮ್ಮ ಕೈ ಮಸಾಲೆಗೆ ಸ್ವಲ್ಪ ಧಾರಾಳ, ಅಲ್ವಾ? ಇಲ್ಲಿ ಹಿಡಿತ ಬೇಕು. ಚಕ್ರಮೊಗ್ಗಿನ ವಾಸನೆ ಮುಂದೆ ಬಂತು ಅಂದರೆ ಮಾಂಸದ ರುಚಿ ಹಿಂದೆ ಸರಿಯಿತು ಅಂತಲೇ.

ಸೋಯಾ ಸಾಸ್ ಬಗ್ಗೆ ಒಂದು ಮಾತು. ಗೋಬಿ ಮಂಚೂರಿಗೆ ತಂದಿಟ್ಟ ಬಾಟಲಿಯನ್ನೇ ಬಗ್ಗಿಸಬೇಡಿ. ಲೇಬಲ್ ಓದಿ. ಸೋಯಾ ಕಾಳು, ಗೋಧಿ, ಉಪ್ಪು, ನೀರು ಹಾಕಿ ಹುದುಗಿಸಿದ್ದು ಅಂತ ಇದ್ದರೆ ಸರಿ. ಬರೀ ಉಪ್ಪು ನೀರಿಗೆ ಬಣ್ಣ ಕಟ್ಟಿದಂಥ ಸಾಸ್ ಆದರೆ ಮಾಂಸ ಕಪ್ಪಗೆ, ಉಪ್ಪುಪ್ಪಾಗಿ ಕೂರುತ್ತದೆ.

ಫ್ರಿಜ್‌ನಲ್ಲಿ 12ರಿಂದ 24 ಗಂಟೆ ನೆನೆಯಲಿ. ಮೂರು ನಾಲ್ಕು ದಿನ ಇಟ್ಟರೆ ಒಳಗೆಲ್ಲ ಮಸಾಲೆ ಇಳಿಯುತ್ತದೆ ಅನ್ನುವುದು ನಿಜವಲ್ಲ. ಉಪ್ಪು ಮೆಲ್ಲಗೆ ಒಳಗೆ ಹೋಗುತ್ತದೆ. ಉಳಿದದ್ದೆಲ್ಲ ಹೊರ ಪದರದಲ್ಲೇ ನಿಲ್ಲುತ್ತದೆ. ಚಾರ್ ಸಿಯು ಹೋಳು ಮಾಡಿದಾಗ ಅಂಚು ಕೆಂಪು, ನಡುವೆ ಬಿಳಿ ಕಾಣುವುದು ಅದಕ್ಕೇ. ಅದು ಕೊರತೆ ಅಲ್ಲ, ಅದರ ಲಕ್ಷಣ.

ಪ್ರಶ್ನೆ: ಹೋಟೆಲ್‌ನವರ ಹಾಗೆ ಕೆಂಪು ಬರುವುದೇ ಇಲ್ಲ. ಎಷ್ಟು ಬಣ್ಣ ಹಾಕಬೇಕು? (ಮಂಗಳೂರು)

ಉತ್ತರ: ಹಾಕಲೇಬೇಡಿ. ಕೆಂಪು ತೋಫುವಿಗೆ ಬಣ್ಣ ಬರುವುದು ಕೆಂಪು ಯೀಸ್ಟ್ ಅಕ್ಕಿಯಿಂದ. ಅಕ್ಕಿಯ ಮೇಲೆ ಒಂದು ಬಗೆಯ ಬೂಷ್ಟು ಬೆಳೆಸಿ ಮಾಡುವ ಹಳೆಯ ಚೀನೀ ಪದಾರ್ಥ ಅದು. ಆ ತೋಫುವಿನಿಂದ ಮಾಂಸಕ್ಕೆ ಹದವಾದ ಕೆಂಪು ಬರುತ್ತದೆ. ಕಣ್ಣಿಗೆ ಹೊಡೆಯುವ ಕೆಂಪು ಬಾಟಲಿಯ ಬಣ್ಣದ್ದು. ತೋಫು ಸಿಗದಿದ್ದರೆ ಕಂದು ಬಣ್ಣಕ್ಕೇ ತೃಪ್ತಿಪಡಿ. ಕಂದು ಚಾರ್ ಸಿಯು ತಿಂದು ಯಾರೂ ಎರಡನೆಯ ಸಲ ಬೇಡ ಅಂದದ್ದನ್ನು ನಾನು ನೋಡಿಲ್ಲ.

ಪ್ರಶ್ನೆ: ಮೇಲೆ ಜೇನುತುಪ್ಪ ಸವರಿ ಇಟ್ಟರೆ ಸೀದು ಕಪ್ಪಾಗುತ್ತದೆ, ಮನೆಯೆಲ್ಲ ಹೊಗೆ. ಮಾಲ್ಟೋಸ್ ಬೇಕು ಅನ್ನುತ್ತಾರೆ, ನಮ್ಮೂರಲ್ಲಿ ಸಿಗುವುದಿಲ್ಲ. ಜೋನಿ ಬೆಲ್ಲ ಆಗುತ್ತದೆಯೇ? (ಶಿವಮೊಗ್ಗ)

ಉತ್ತರ: ಬಹಳ ಒಳ್ಳೆಯ ಪ್ರಶ್ನೆ. ಚಾರ್ ಸಿಯು ಗೆಲ್ಲುವುದೂ ಸೋಲುವುದೂ ಇಲ್ಲೇ.

ಮಾಲ್ಟೋಸ್ ಅಂದರೆ ಧಾನ್ಯದಿಂದ ತೆಗೆದ ಗಟ್ಟಿ ಪಾಕ. ಚಮಚ ಹಾಕಿ ಎತ್ತಿದರೆ ಡಬ್ಬಿಯೇ ಮೇಲೆ ಬರುವಷ್ಟು ಅಂಟು. ಸಕ್ಕರೆಗಿಂತ ಎಷ್ಟೋ ಕಡಿಮೆ ಸಿಹಿ. ಅದರ ಗುಣ ಏನೆಂದರೆ ಬೇಗ ಸೀಯುವುದಿಲ್ಲ. ಜೇನಿನಲ್ಲಿ ಫ್ರಕ್ಟೋಸ್ ಅನ್ನುವ ಸಕ್ಕರೆ ಜಾಸ್ತಿ, ಅದು ಸುಮಾರು 110 ಡಿಗ್ರಿಗೇ ಕಂದಾಗಲು ಶುರುವಾಗುತ್ತದೆ. ಮಾಲ್ಟೋಸ್‌ಗೆ ಸುಮಾರು 180 ಬೇಕು. ಹಾಗಾಗಿ ಮಾಲ್ಟೋಸ್ ಸವರಿದ ಮಾಂಸ ಗಾಜಿನ ಹಾಗೆ ಹೊಳೆಯುತ್ತದೆ, ಜೇನು ಸವರಿದ್ದು ಅಷ್ಟರಲ್ಲಿ ಕರಟಿರುತ್ತದೆ.

ಹಾಗಂತ ಜೇನು ಬೇಡವೇ ಬೇಡ ಅಂತಲ್ಲ. ಸವರುವ ಹೊತ್ತು ತಪ್ಪಿದರೆ ಮಾತ್ರ ಕಷ್ಟ. ಮೊದಲ ಅರ್ಧ ಗಂಟೆ ಪಾಕದ ಸುದ್ದಿಗೇ ಹೋಗಬೇಡಿ. ಕೊನೆಯ ಹತ್ತು ಹನ್ನೆರಡು ನಿಮಿಷದಲ್ಲಿ ಎರಡು ಮೂರು ಸಲ ಸವರಿ. ಓವನ್ ಮುಂದೆಯೇ ನಿಲ್ಲಿ, ಆಗ ಫೋನ್ ಬಂದರೂ ಎತ್ತಬೇಡಿ. ಮೇಲೆ ಚಿಕ್ಕ ಚಿಕ್ಕ ಗುಳ್ಳೆ ಎದ್ದು, ಒಡೆದು, ಅಂಚಿನಲ್ಲಿ ಅಲ್ಲಲ್ಲಿ ಕಪ್ಪು ಚುಕ್ಕೆ ಕಾಣಿಸಿದಾಗ ತೆಗೆಯಬೇಕು. ಆ ಕರಟಿದ ಅಂಚು ಬೇಕೇ ಬೇಕು, ಅದಕ್ಕಾಗಿ ಜಗಳ ಆಡುವ ಮನೆಗಳಿವೆ. ಕಪ್ಪು ಅಂಚನ್ನು ದಾಟಿ ಮೈಮೇಲೆ ಹರಡಲು ಶುರುವಾದರೆ ಕಹಿ ಬಂತು ಅಂತ ತಿಳಿಯಿರಿ.

ಜೋನಿ ಬೆಲ್ಲ ಖಂಡಿತ ಆಗುತ್ತದೆ, ನಾನೇ ಮಾಡಿದ್ದೇನೆ. ಆದರೆ ಅದಕ್ಕೆ ಅದರದ್ದೇ ಘಮ ಇದೆ, ಕಬ್ಬಿನ ಘಮ. ಕ್ಯಾಂಟನ್ ರುಚಿಗೆ ಅದು ಸ್ವಲ್ಪ ದೂರ. ನನ್ನ ಹದ ಹೀಗೆ: ಜೋನಿ ಬೆಲ್ಲ ಒಂದು ಚಮಚ, ಜೇನು ಒಂದು ಚಮಚ, ಅಂಗಡಿಯಲ್ಲಿ ಸಿಗುವ ಲಿಕ್ವಿಡ್ ಗ್ಲೂಕೋಸ್ ಎರಡು ಚಮಚ. ಅದಕ್ಕೆ ಮಾಂಸ ನೆನೆಸಿ ಉಳಿದ ಮಸಾಲೆ ಎರಡು ಚಮಚ ಸೇರಿಸಿ, ಚೆನ್ನಾಗಿ ಕುದಿಸಿ. ಹಸಿ ಮಾಂಸ ಮುಟ್ಟಿದ ಮಸಾಲೆ ಅದು, ಕುದಿಸದೆ ಸವರಲೇಬಾರದು. ಬೆರಳಲ್ಲಿ ಹಿಡಿದು ಬಿಟ್ಟರೆ ಎಳೆ ಬರುವ ಸ್ವಲ್ಪ ಮೊದಲು ಇಳಿಸಿ. ಚಿಕ್ಕಿಗೆ, ಉಂಡೆಗೆ ಪಾಕ ನೋಡಿದ ಕೈಗೆ ಇದನ್ನು ಹೇಳಿಕೊಡಬೇಕಾಗಿಲ್ಲ.

ಹೊಗೆಗೆ ಕಾರಣ ತಟ್ಟೆಗೆ ತೊಟ್ಟಿಕ್ಕುವ ಸಕ್ಕರೆ ಮತ್ತು ಕೊಬ್ಬು. ಮಾಂಸವನ್ನು ಕಂಬಿಯ ಜಾಲರಿ ಮೇಲೆ ಇಡಿ. ಕೆಳಗಿನ ಟ್ರೇಗೆ ಒಂದು ಲೋಟ ನೀರು ಹಾಕಿ. ಆರಿದರೆ ಮತ್ತೆ ಹಾಕಿ. ಹೊಗೆ ನಿಲ್ಲುತ್ತದೆ, ಟ್ರೇ ತೊಳೆಯುವ ಕಷ್ಟವೂ ತಪ್ಪುತ್ತದೆ.

ಪ್ರಶ್ನೆ: ಮನೆಯಲ್ಲಿ ಓವನ್ ಇಲ್ಲ. ಬಿಟ್ಟುಬಿಡಬೇಕೇ? (ಹಾಸನ)

ಉತ್ತರ: ಯಾಕೆ ಬಿಡಬೇಕು? ‘ಚಾ’ ಅಂದರೆ ಕವಲು ಕೋಲು, ‘ಸಿಯು’ ಅಂದರೆ ಸುಡುವುದು. (ನಡುವಿನ ‘ರ್’ ನಮ್ಮ ಕೈಗೆ ಇಂಗ್ಲಿಷ್ ಬರವಣಿಗೆಯಿಂದ ಬಂದದ್ದು, ಅವರ ಬಾಯಲ್ಲಿ ಅದಿಲ್ಲ.) ಮಾಂಸವನ್ನು ಕೋಲಿಗೆ ಚುಚ್ಚಿ ಬೆಂಕಿಯ ಮೇಲೆ ಹಿಡಿದದ್ದೇ ಇದರ ಮೂಲ. ಹಾಂಗ್‌ಕಾಂಗ್‌ನಲ್ಲೂ ಮನೆಮನೆಗೆ ಓವನ್ ಇಲ್ಲ, ಅಡುಗೆಮನೆ ಚಿಕ್ಕದು, ಜನ ಅಂಗಡಿಯಿಂದಲೇ ತರುತ್ತಾರೆ.

ದಪ್ಪ ತಳದ ಬಾಣಲೆಗೆ ನೆನೆಸಿದ ಮಾಂಸ, ಮಸಾಲೆ, ಒಂದೂವರೆ ಲೋಟ ನೀರು ಹಾಕಿ. ಮುಚ್ಚಿ ಸಣ್ಣ ಉರಿಯಲ್ಲಿ 35ರಿಂದ 40 ನಿಮಿಷ ಬೇಯಿಸಿ, ನಡುವೆ ಎರಡು ಸಲ ತಿರುವಿ. ಆಮೇಲೆ ಮುಚ್ಚಳ ತೆಗೆದು ನೀರು ಇಂಗಿಸಿ. ರಸ ಗಟ್ಟಿಯಾಗಿ ಮಾಂಸಕ್ಕೆ ಅಂಟುತ್ತಾ ಬಂದಾಗ ಕೈ ಬಿಡದೆ ಹೊರಳಿಸಿ. ಕೊನೆಗೆ ಫುಲ್ಕಾ ಸುಡುವ ಜಾಲರಿ ಗ್ಯಾಸ್ ಮೇಲಿಟ್ಟು, ಇಕ್ಕಳದಲ್ಲಿ ಹಿಡಿದು ಎಲ್ಲ ಮಗ್ಗುಲೂ ಅರ್ಧರ್ಧ ನಿಮಿಷ ಉರಿಗೆ ತೋರಿಸಿ. ಇದ್ದಿಲ ಒಲೆ ಇದ್ದರೆ ನೀವು ಓವನ್ ಇರುವವರಿಗಿಂತ ಭಾಗ್ಯವಂತರು. ಪ್ರೆಷರ್ ಕುಕ್ಕರ್ ಮಾತ್ರ ಬೇಡ. ಅದರಲ್ಲಿ ಮಾಂಸ ಎಳೆ ಎಳೆಯಾಗಿ ಬಿಡಿಸಿಕೊಳ್ಳುತ್ತದೆ, ಹೋಳು ಮಾಡಲು ಬರುವುದಿಲ್ಲ.

ಪ್ರಶ್ನೆ: ನಮ್ಮಲ್ಲಿ ಪಂದಿ ಕರಿಗೆ ಚರ್ಮ ಇರುವ ಮಾಂಸವೇ ರುಚಿ. ಇದಕ್ಕೂ ಅದನ್ನೇ ಹಾಕಬಹುದೇ? (ಮಡಿಕೇರಿ)

ಉತ್ತರ: ಪಂದಿ ಕರಿಯಲ್ಲಿ ಚರ್ಮ ರಸದೊಳಗೆ ನಿಧಾನವಾಗಿ ಬೆಂದು ಮೆತ್ತಗಾಗುತ್ತದೆ. ಒಣ ಬಿಸಿಯಲ್ಲಿ, ಅದೂ ಸಕ್ಕರೆ ಮೆತ್ತಿಕೊಂಡು, ಅದು ಚಪ್ಪಲಿ ತೊಗಲಿನ ಹಾಗಾಗುತ್ತದೆ. ಚರ್ಮ ತೆಗೆದುಬಿಡಿ. ಗರಿಗರಿ ಚರ್ಮವೇ ಬೇಕೆಂದರೆ ಕ್ಯಾಂಟನ್‌ನವರದೇ ‘ಸಿಯು ಯೂಕ್’ ಇದೆ. ಹೊಟ್ಟೆ ಭಾಗದ ಮಾಂಸ, ಚರ್ಮಕ್ಕೆ ಚುಚ್ಚಿ ಉಪ್ಪು ಹಾಕಿ ಒಣಗಿಸಿ ಸುಡುವುದು. ಅದರ ದಾರಿ ಬೇರೆ.

ಪ್ರಶ್ನೆ: ಲಾಡಿಹುಳದ ಭಯಕ್ಕೆ ಮನೆಯಲ್ಲಿ ಹಿರಿಯರು ಬೇಡ ಅನ್ನುತ್ತಾರೆ. ಅವರಿಗೆ ಏನು ಹೇಳಲಿ? (ಬೆಂಗಳೂರು)

ಉತ್ತರ: ಅವರ ಭಯಕ್ಕೆ ಅರ್ಥ ಇದೆ, ತಳ್ಳಿಹಾಕಬೇಡಿ. ಸರಿಯಾಗಿ ಬೇಯದ ಹಂದಿ ಮಾಂಸದಿಂದ ಲಾಡಿಹುಳ ಕರುಳಿಗೆ ಸೇರಬಹುದು. ಆದರೆ ಮಾಂಸ ಚೆನ್ನಾಗಿ ಬೆಂದರೆ ಅದರ ಮರಿಗಳು ಸಾಯುತ್ತವೆ. ಮೇಲೆ ಹೇಳಿದ 75 ಡಿಗ್ರಿ ತುಂಬ ಸುರಕ್ಷಿತ. ಮಾಂಸ ಕೊಳ್ಳುವಾಗ ನಡುವೆ ಅಕ್ಕಿ ಕಾಳಿನಂಥ ಬಿಳಿ ಗುಳ್ಳೆಗಳು ಕಂಡರೆ ಬೇಡ ಅಂತ ವಾಪಸ್ ಬನ್ನಿ.

ಮೆದುಳಿಗೆ ಹುಳ ಸೇರುವ ಕಾಯಿಲೆ ಬರುವುದು ಮಾಂಸ ತಿನ್ನುವುದರಿಂದಲೇ ಅಲ್ಲ, ಹುಳದ ಮೊಟ್ಟೆ ಹೊಟ್ಟೆಗೆ ಹೋದಾಗ. ಆ ಮೊಟ್ಟೆಗಳು ಹುಳ ಇರುವವರ ಮಲದಿಂದ, ತೊಳೆಯದ ಕೈ, ಕೊಳಕು ನೀರು, ತೊಳೆಯದ ಹಸಿ ಸೊಪ್ಪು ತರಕಾರಿಯ ಮೂಲಕ ಬರುತ್ತವೆ. ಹಂದಿ ಮಾಂಸ ಮುಟ್ಟದವರಿಗೂ ಬರುವುದು ಅದಕ್ಕೇ. ಹಿರಿಯರಿಗೆ ಇಷ್ಟನ್ನು ಸಮಾಧಾನವಾಗಿ ಹೇಳಿ, ಥರ್ಮಾಮೀಟರನ್ನು ಅವರ ಎದುರಿಗೇ ಚುಚ್ಚಿ ತೋರಿಸಿ.

ಪ್ರಶ್ನೆ: ನಾವು ಅಡುಗೆಗೆ ಮದ್ಯ ಬಳಸುವುದಿಲ್ಲ. ವೈನ್ ಬದಲು ಏನು? (ಹುಬ್ಬಳ್ಳಿ)

ಉತ್ತರ: ಬಿಟ್ಟುಬಿಡಿ. ಒಂದು ಚಮಚ ನೀರು, ಅರ್ಧ ಚಮಚ ಶುಂಠಿ ರಸ ಸಾಕು.

ಪ್ರಶ್ನೆ: ಇದನ್ನು ಯಾವುದರ ಜೊತೆ ತಿನ್ನಬೇಕು? ಉಳಿದರೆ ಏನು ಮಾಡಲಿ? (ದುಬೈನಲ್ಲಿರುವ ಕನ್ನಡತಿ)

ಉತ್ತರ: ಬಿಸಿ ಬಿಳಿ ಅನ್ನ, ಬೇಯಿಸಿದ ಸೊಪ್ಪು, ಮೇಲೆ ನಾಲ್ಕು ಹೋಳು, ಎರಡು ಚಮಚ ಪಾಕ. ಹಾಂಗ್‌ಕಾಂಗ್‌ನಲ್ಲಿ ದುಡಿಯುವ ಜನರ ಮಧ್ಯಾಹ್ನದ ಊಟ ಇದೇ, ‘ಚಾ ಸಿಯು ಫಾನ್’. ಎಷ್ಟು ಮನೆಮಾತಾದ ತಿನಿಸು ಅಂದರೆ, ಮಾತು ಕೇಳದ ಮಕ್ಕಳಿಗೆ ಅಲ್ಲಿನ ತಾಯಂದಿರು ಬೈಯುವುದು ಹೀಗೆ: ನಿನ್ನ ಬದಲು ಒಂದು ತುಂಡು ಚಾರ್ ಸಿಯು ಹೆತ್ತಿದ್ದರೂ ಚೆನ್ನಾಗಿತ್ತು!

ಉಳಿದದ್ದು ಫ್ರಿಜ್‌ನಲ್ಲಿ ಮೂರು ದಿನ ಇರುತ್ತದೆ. ಮೈಕ್ರೋವೇವ್‌ನಲ್ಲಿ ಬಿಸಿ ಮಾಡಿದರೆ ಗಟ್ಟಿಯಾಗುತ್ತದೆ. ಇಡ್ಲಿ ಪಾತ್ರೆಯ ಹಬೆಯಲ್ಲಿ ಐದು ನಿಮಿಷ ಇಡಿ, ಮತ್ತೆ ಮೆತ್ತಗಾಗುತ್ತದೆ. ಚಿಕ್ಕದಾಗಿ ಹೆಚ್ಚಿ ಮೊಟ್ಟೆ, ಈರುಳ್ಳಿ ಸೊಪ್ಪಿನ ಜೊತೆ ತಣ್ಣನೆಯ ಅನ್ನಕ್ಕೆ ಹಾಕಿ ಹುರಿಯಿರಿ. ಇಲ್ಲವೇ ಸ್ವಲ್ಪ ಆಯ್ಸ್ಟರ್ ಸಾಸ್, ಕಾರ್ನ್‌ಫ್ಲೋರ್ ನೀರಲ್ಲಿ ಗಟ್ಟಿ ಪಲ್ಯದ ಹಾಗೆ ಮಾಡಿ ಮೈದಾ ಹಿಟ್ಟಿನೊಳಗೆ ತುಂಬಿ ಹಬೆಯಲ್ಲಿ ಬೇಯಿಸಿದರೆ ಚಾರ್ ಸಿಯು ಬಾವೋ. ಕೊಬ್ಬು ಜಾಸ್ತಿ ಇರುವ ಹೋಳುಗಳನ್ನು ಬಾವೋಗೆ ಅಂತ ಎತ್ತಿಡಿ, ಅದರಲ್ಲೇ ರುಚಿ.