ಕಾನ್ಸರ್ಟ್ ಟಿಕೆಟ್ ಕೊಂಡ ಬೆಲೆಗೇ ಕೈ ಬದಲಾಗುವಂಥ ಅಭಿಮಾನಿ ಗುಂಪು ಕಟ್ಟುವುದು ಹೇಗೆ?

ಬೆಂಗಳೂರಿಗೆ ದೊಡ್ಡ ಕಾನ್ಸರ್ಟ್ ಬಂದಾಗಲೆಲ್ಲ ಟಿಕೆಟ್ ನಿಮಿಷಗಳಲ್ಲಿ ಖಾಲಿಯಾಗಿ, ಸಂಜೆಗೆ ಬ್ಲ್ಯಾಕ್‌ನಲ್ಲಿ ಮೂರು ಪಟ್ಟು ಬೆಲೆಗೆ ಬರುತ್ತದೆ, ನಾಲ್ಕೈದು ಗೆಳೆಯರು ಸೇರಿ ಇದಕ್ಕೊಂದು ಗುಂಪು ಮಾಡಬಹುದೇ ಎಂದು ಕೇಳಿದ್ದೀರಿ. ಮಾಡಬಹುದು. ಆದರೆ ವಾಟ್ಸಾಪ್ ತೆರೆಯುವ ಮೊದಲು ಒಂದು ನಿಯಮ ಬರೆದಿಡಿ: ಮಾರುವವರು ತಾವು ಕಟ್ಟಿದ ದುಡ್ಡಿಗಿಂತ ಒಂದು ರೂಪಾಯಿಯನ್ನೂ ಹೆಚ್ಚು ಕೇಳುವಂತಿಲ್ಲ. ಅಮೆರಿಕದಲ್ಲಿ ಫಿಶ್ ಬ್ಯಾಂಡಿನ ಅಭಿಮಾನಿಗಳ ನಡುವೆ ಹುಟ್ಟಿದ ಕ್ಯಾಶ್ ಆರ್ ಟ್ರೇಡ್ ಎಂಬ ಟಿಕೆಟ್ ವಿನಿಮಯ ತಾಣ ನಿಂತಿರುವುದೂ ಇದೇ ನಿಯಮದ ಮೇಲೆ.

ಜಗಳ ಶುರುವಾಗುವುದು ‘ಕಟ್ಟಿದ ದುಡ್ಡು’ ಎಂದರೇನು ಎಂಬಲ್ಲಿ. ನಮ್ಮಲ್ಲಿ ಟಿಕೆಟ್ಟುಗಳು ಅರ್ಲಿ ಬರ್ಡ್, ಫೇಸ್ 1, ಫೇಸ್ 2 ಎಂದು ಹಂತಹಂತವಾಗಿ ದುಬಾರಿಯಾಗುತ್ತವೆ. ಅರ್ಲಿ ಬರ್ಡ್‌ನಲ್ಲಿ 1,499ಕ್ಕೆ ಕೊಂಡವರು ‘ಈಗಿನ ರೇಟು 2,999, ನಾನು 2,500ಕ್ಕೆ ಕೊಡ್ತೀನಿ’ ಎಂದು ಉಪಕಾರ ಮಾಡುವವರಂತೆ ಬರುತ್ತಾರೆ. ಅದೂ ಬ್ಲ್ಯಾಕೇ. ಇನ್‌ವಾಯ್ಸಿನ ಕೊನೆಯ ಸಾಲಿನಲ್ಲಿರುವ ಮೊತ್ತವನ್ನು ಟಿಕೆಟ್ ಸಂಖ್ಯೆಯಿಂದ ಭಾಗಿಸಿ, ಅಷ್ಟೇ. ಕನ್ವೀನಿಯನ್ಸ್ ಫೀ, ಜಿಎಸ್‌ಟಿ ಸೇರಿ ನಾಲ್ಕು ಟಿಕೆಟ್‌ಗೆ 11,180 ಕಟ್ಟಿದ್ದರೆ ಒಂದಕ್ಕೆ 2,795. ಕಾರ್ಡ್ ಆಫರ್‌ನಲ್ಲಿ 500 ಕಡಿತವಾಗಿದ್ದರೆ 2,670.

ಗುಂಪನ್ನು ಯಾವ ಆ್ಯಪ್‌ನಲ್ಲಿ ಮಾಡುವುದೆಂದು ತಲೆ ಕೆಡಿಸಿಕೊಳ್ಳಬೇಡಿ, ಎಲ್ಲದರಲ್ಲೂ ಒಂದೊಂದು ಕೊರತೆಯಿದೆ. ವಾಟ್ಸಾಪ್ ಗುಂಪಿಗೆ 1,024 ಜನರ ಮಿತಿಯಿದೆ, ಎಲ್ಲರ ನಂಬರೂ ಎಲ್ಲರಿಗೂ ಕಾಣುತ್ತದೆ. ಹೆಣ್ಣುಮಕ್ಕಳು ಅದೊಂದೇ ಕಾರಣಕ್ಕೆ ಹೊರಹೋಗುತ್ತಾರೆ. ಟೆಲಿಗ್ರಾಂನಲ್ಲಿ ನಂಬರ್ ಮುಚ್ಚಿಡಬಹುದು, ಆದರೆ ಅಡ್ಮಿನ್ ಹೆಸರು, ಫೋಟೋ ಕದ್ದು ಸದಸ್ಯರಿಗೆ ಖಾಸಗಿ ಮೆಸೇಜ್ ಕಳಿಸುವ ಕಳ್ಳರು ಅಲ್ಲಿ ಜಾಸ್ತಿ. ‘ಅಡ್ಮಿನ್‌ಗಳು ತಾವಾಗಿ ಮೆಸೇಜ್ ಮಾಡುವುದಿಲ್ಲ’ ಎಂಬ ಸಾಲನ್ನು ಪಿನ್ ಮಾಡಿಡಿ.

ಪ್ರತಿ ಪೋಸ್ಟಿನಲ್ಲಿ ಕಾರ್ಯಕ್ರಮ, ದಿನಾಂಕ, ವಿಭಾಗ, ಎಷ್ಟು ಟಿಕೆಟ್, ಒಂದರ ಬೆಲೆ, ಟಿಕೆಟ್ ಯಾವ ರೂಪದಲ್ಲಿದೆ ಎಂಬ ಆರೂ ಇರಲೇಬೇಕು. ‘ಬೆಲೆಗೆ ಡಿಎಂ ಮಾಡಿ’ ಎಂದದ್ದನ್ನು ಕೇಳದೆಯೇ ಅಳಿಸಿ. ಪುರಾವೆಗೆ ಸ್ಕ್ರೀನ್‌ಶಾಟ್ ಸಾಲದು, ಅದನ್ನು ತಿದ್ದಲು ಎರಡು ನಿಮಿಷ ಸಾಕು. ಆ್ಯಪ್ ತೆರೆಯುವುದರಿಂದ ಆರ್ಡರ್ ಪುಟದ ತನಕ ನಡೆಯುವ ಸ್ಕ್ರೀನ್ ರೆಕಾರ್ಡಿಂಗ್ ಕೇಳಿ. ಕ್ಯೂಆರ್ ಪುಟ ತೆರೆಯುವ ಮೊದಲೇ ಅದು ಮುಗಿಯಬೇಕು. ಕ್ಯೂಆರ್ ಗುಂಪಿಗೆ ಬಿತ್ತೆಂದರೆ ಯಾರು ಬೇಕಾದರೂ ಅದನ್ನು ಹಿಡಿದು ಒಳಗೆ ಹೋಗಬಹುದು.

ಟಿಕೆಟ್ಟಿನ ರೂಪ ಯಾಕೆ ಮುಖ್ಯವೆಂದರೆ, ಮೋಸವೆಲ್ಲ ಅಲ್ಲೇ ಇದೆ. ಆ್ಯಪ್‌ನಲ್ಲೇ ಟ್ರಾನ್ಸ್‌ಫರ್ ಇದ್ದರೆ ನಿಶ್ಚಿಂತೆ, ಟಿಕೆಟ್ ಕೊಳ್ಳುವವರ ಖಾತೆಗೇ ಬರುತ್ತದೆ. ಬರೀ ಪಿಡಿಎಫ್ ಆದರೆ ಅದನ್ನೇ ಹತ್ತು ಜನಕ್ಕೆ ಮಾರಬಹುದು. ಮೊದಲು ಸ್ಕ್ಯಾನ್ ಆದವರು ಒಳಗೆ, ಉಳಿದ ಒಂಬತ್ತು ಜನ ಗೇಟಿನಲ್ಲಿ. ಇಂಥದ್ದಕ್ಕೆ ಒಟ್ಟಿಗೆ ಹೋಗಿ, ಸ್ಕ್ಯಾನ್ ಆದಮೇಲೆ ದುಡ್ಡು ಕೊಡುವುದೊಂದೇ ದಾರಿ. ಕೊರಿಯರ್‌ನಲ್ಲಿ ಬರುವ ರಿಸ್ಟ್‌ಬ್ಯಾಂಡ್ ಆದರೆ ಮುಖಾಮುಖಿಯಾಗಿ ನೋಡಿ ಕೊಳ್ಳಿ: ಒಮ್ಮೆ ಬಿಗಿದ ಬ್ಯಾಂಡ್ ಕತ್ತರಿಸದೆ ಬಿಚ್ಚುವುದಿಲ್ಲ, ಕತ್ತರಿಸಿದ್ದು ನಡೆಯುವುದಿಲ್ಲ. ಗುರುತಿನ ಚೀಟಿ ತೋರಿಸಿ ಬಾಕ್ಸ್ ಆಫೀಸಿನಲ್ಲಿ ಪಡೆಯಬೇಕಾದದ್ದಕ್ಕೆ ಬುಕ್ ಮಾಡಿದವರೇ ಬರಬೇಕು. ಒಪ್ಪಿಗೆ ಪತ್ರ ನಡೆಯುತ್ತದೆಯೇ ಎಂದು ಆ ಕಾರ್ಯಕ್ರಮದ ಷರತ್ತು ಓದಿ ನೋಡಿ. ಆಧಾರ್ ಪ್ರತಿ ಕೊಡಬೇಕಾದಲ್ಲಿ ಕೊನೆಯ 4 ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಒಪ್ಪುತ್ತಾರೆಯೇ ಎಂದು ಮೊದಲು ವಿಚಾರಿಸಿ.

ಅಡ್ಮಿನ್ ಕೈಗೆ ದುಡ್ಡು ಬರಕೂಡದು. ‘ನಿಮ್ಮ ಹತ್ರ ಇರಲಿ, ಆಮೇಲೆ ಅವರಿಗೆ ಕೊಡಿ’ ಎಂದು ಜನ ಪ್ರೀತಿಯಿಂದಲೇ ಹೇಳುತ್ತಾರೆ. ಆ ವ್ಯವಹಾರದ ಮೇಲೆ ಯಾರಾದರೂ ಸೈಬರ್ ದೂರು ಕೊಟ್ಟರೆ ಹಣ ಹಾದುಹೋದ ನಿಮ್ಮ ಖಾತೆಯೂ ಫ್ರೀಜ್ ಆಗಬಹುದು. ಇನ್ನೊಂದು ಸಾಲನ್ನೂ ಪಿನ್ ಮಾಡಿ: ದುಡ್ಡು ಪಡೆಯಲು ಯುಪಿಐ ಪಿನ್ ಹಾಕಬೇಕಿಲ್ಲ, ಹಾಕಿ ಎನ್ನುವವರು ಕಳ್ಳರು. ಮೋಸವಾದರೆ ಗುಂಪಿನಲ್ಲಿ ಬೈದಾಡುತ್ತ ಕೂರದೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಲಿ. ಹಣ ಮುಂದಿನ ಖಾತೆಗೆ ಜಾರುವ ಮೊದಲು ತಡೆಯಲು ಆಗ ಮಾತ್ರ ಅವಕಾಶ.

ಗುಂಪು ಬೆಳೆದಂತೆ ಬ್ಲ್ಯಾಕ್‌ನವರು ಮಾರಲು ಅಲ್ಲ, ಕೊಳ್ಳಲು ಬರುತ್ತಾರೆ: ಇಲ್ಲಿ 2,795ಕ್ಕೆ ಕೊಂಡು ಹೊರಗೆ 7,000ಕ್ಕೆ ಮಾರಲು. ‘ಮೊದಲು ಕೇಳಿದವರಿಗೆ’ ಎಂಬ ಪದ್ಧತಿ ಅವರಿಗೇ ಅನುಕೂಲ, ದಿನವಿಡೀ ಫೋನ್ ಹಿಡಿದು ಕೂರುವವರು ಅವರೇ. ಅದರ ಬದಲು ಬೇಕಾದವರ ಹೆಸರನ್ನು ಒಂದು ಶೀಟಿನಲ್ಲಿ ಬರೆಸಿ, ಟಿಕೆಟ್ ಬಂದ 30 ನಿಮಿಷದ ನಂತರ ಚೀಟಿ ಎತ್ತಿ. ಒಬ್ಬರಿಗೆ ಒಂದು ಶೋಗೆ ಎರಡೇ ಟಿಕೆಟ್. ಹೊರಗೆ ಮಾರಿದ್ದು ಗೊತ್ತಾದರೆ ಶಾಶ್ವತವಾಗಿ ಹೊರಗೆ. ಕ್ಷಮೆ, ಎರಡನೇ ಅವಕಾಶ ಇಟ್ಟುಕೊಳ್ಳಬೇಡಿ.

ಇಷ್ಟಾದರೂ ನನ್ನ ಲೆಕ್ಕದಲ್ಲಿ ಗುಂಪು ಹೆಚ್ಚು ದುಡ್ಡು ಉಳಿಸುವುದು ಟಿಕೆಟ್ ಕೊಡಿಸಿ ಅಲ್ಲ, ‘ಈಗ ಕೊಳ್ಳಬೇಡಿ’ ಎಂದು ತಡೆದು. ಕೋಲ್ಡ್‌ಪ್ಲೇ ಮುಂಬೈ ಟಿಕೆಟ್ ಮಾರಾಟಕ್ಕೆ ಬಂದದ್ದು 2024ರ ಸೆಪ್ಟೆಂಬರ್ 22ರ ಮಧ್ಯಾಹ್ನ 12ಕ್ಕೆ. 2,500ರಿಂದ 35,000 ರೂಪಾಯಿಯವರೆಗಿದ್ದ ಟಿಕೆಟ್‌ಗಳಿಗೆ ಮರುಮಾರಾಟದಲ್ಲಿ ಲಕ್ಷಗಳ ಬೆಲೆ ಕಂಡಿತು. ಅದೇ ದಿನ 2025ರ ಜನವರಿ 21ರ ಮೂರನೇ ಶೋ ಸೇರಿತು, ನವೆಂಬರ್‌ನಲ್ಲಿ ಅಹಮದಾಬಾದ್ ಸೇರಿತು, ನವೆಂಬರ್ 22ಕ್ಕೆ ಬ್ಯಾಂಡ್ ಕಡಿಮೆ ಬೆಲೆಗೆ ಬಿಡುವ ‘ಇನ್ಫಿನಿಟಿ’ ಟಿಕೆಟ್ ಸುಮಾರು 2,000 ರೂಪಾಯಿಗೆ ಬಂತು, ಒಬ್ಬರಿಗೆ ಎರಡರಂತೆ. ಮೊದಲ ದಿನವೇ ಹೆದರಿ ಬ್ಲ್ಯಾಕ್‌ನಲ್ಲಿ ಕೊಂಡವರಿಗೆ ಇದ್ಯಾವುದೂ ದಕ್ಕಲಿಲ್ಲ.

ಹಾಗಾಗಿ ಗುಂಪಿನಲ್ಲೊಂದು ಕ್ಯಾಲೆಂಡರ್ ಇಡಿ. ಮಾರಾಟದ ದಿನ ‘ಸೋಲ್ಡ್ ಔಟ್’ ಕಂಡಮೇಲೂ 20 ನಿಮಿಷ ಬಿಟ್ಟು ಮತ್ತೆ ನೋಡಲು ನೆನಪಿಸಿ, ಪೇಮೆಂಟ್ ಕೈಕೊಟ್ಟವರ ಟಿಕೆಟ್‌ಗಳು ಮರಳುತ್ತವೆ. ವೇದಿಕೆ, ಸೌಂಡ್ ಡೆಸ್ಕ್ ಎಲ್ಲಿ ಎಂದು ತೀರ್ಮಾನವಾದ ಮೇಲೆ ತಡೆದಿಟ್ಟ ಸೀಟುಗಳನ್ನು ಕೊನೆಯ ವಾರದಲ್ಲಿ ಬಿಡುವುದುಂಟು. ಕೊನೆಯ 48 ಗಂಟೆಗಳಲ್ಲಿ ಜ್ವರ, ಆಫೀಸ್ ಕೆಲಸ, ಕೈಕೊಟ್ಟ ಗೆಳೆಯರ ಕಾರಣದಿಂದ ಮಾರುವವರು ಹೆಚ್ಚಿ, ಕೊಂಡದ್ದಕ್ಕಿಂತ ಕಡಿಮೆಗೂ ಬಿಟ್ಟುಕೊಡುತ್ತಾರೆ. ಆ ಎರಡು ದಿನಕ್ಕೆ ಕನಿಷ್ಠ ಮೂವರು ಅಡ್ಮಿನ್‌ಗಳು ಪಾಳಿಯಲ್ಲಿರಬೇಕು.

ಪ್ರಯಾಣದ ಖರ್ಚನ್ನೂ ಮರೆಯಬೇಡಿ. ಬೆಂಗಳೂರಿನ ಹೊರವಲಯದ ಮಾದಾವರದ ಮೈದಾನಗಳಲ್ಲಿ ಶೋ ಇದ್ದರೆ ರಾತ್ರಿ ಕ್ಯಾಬ್ ಹಿಡಿಯುವುದರಲ್ಲೇ ಟಿಕೆಟ್ಟಿನ ಉಳಿತಾಯ ಕರಗುತ್ತದೆ. 2024ರ ನವೆಂಬರ್‌ನಿಂದ ಮೆಟ್ರೊ ಹಸಿರು ಮಾರ್ಗ ಮಾದಾವರದವರೆಗೆ ಇದೆ. ಆ ರಾತ್ರಿಯ ಕೊನೆ ರೈಲಿನ ಸಮಯವನ್ನು ಶೋ ಪೋಸ್ಟಿನಲ್ಲೇ ಬರೆದುಬಿಡಿ.